ಬಾಗಿಲು ಎತ್ತರಿಸದೆ ಬಿಟ್ಟ ಕಥೆ

ನಮ್ಮ ದೊಡ್ಡಜ್ಜ ಕವಿ. ನೀವು ಹೆಸರು ಕೇಳಿರುವಂಥ ಕವಿ ಅಲ್ಲ. ಅವರದು ಎರಡೇ ಪುಸ್ತಕ, ಎರಡನ್ನೂ ಅಡಿಕೆ ಮಾರಿದ ದುಡ್ಡಲ್ಲಿ ಅಚ್ಚು ಹಾಕಿಸಿದ್ದು. ಎರಡನೆಯದರ ಮುಕ್ಕಾಲು ಪಾಲು ಪ್ರತಿಗಳು ಮೊನ್ನೆ ಮೊನ್ನೆವರೆಗೂ ಅಟ್ಟದ ಮೇಲೆ ಗೋಣಿಚೀಲದಲ್ಲೇ ಇದ್ದವು. ಊರಿನ ಶಾಲೆಯಲ್ಲಿ ಆಗಸ್ಟ್ 15ಕ್ಕೆ ಅವರದೊಂದು ಪದ್ಯವನ್ನು ಈಗಲೂ ಹಾಡುತ್ತಾರೆ, ಬರೆದದ್ದು ಯಾರು ಅಂತ ಹಾಡುವ ಮಕ್ಕಳಿಗೆ ಗೊತ್ತಿಲ್ಲ. ಅಷ್ಟೇ ಅವರ ಕೀರ್ತಿ.

ಮೂರು ವರ್ಷದ ಹಿಂದೆ ಚೌತಿಗೆ ಊರಿಗೆ ಹೋದಾಗ ದೊಡ್ಡಪ್ಪ ಊಟದ ಎಲೆ ಮುಂದೆ ಕೂತು ಹೇಳಿಬಿಟ್ಟರು. "ಅಜ್ಜನ ಮನೆ ಬಿದ್ದುಹೋಗೋ ಮುಂಚೆ ಏನಾದ್ರೂ ಮಾಡ್ಬೇಕು. ಒಂದು ಸಣ್ಣ ಮ್ಯೂಸಿಯಂ ತರ. ನೀನು ಆರ್ಕಿಟೆಕ್ಟ್ ಅಲ್ವಾ?" ಆರ್ಕಿಟೆಕ್ಟ್ ಹೌದು. ಆದರೆ ಬೆಂಗಳೂರಲ್ಲಿ ಕೂತು, ಅಪಾರ್ಟ್‌ಮೆಂಟಿನ ಬಚ್ಚಲುಮನೆಯಲ್ಲಿ ಟೈಲ್ಸ್ ಯಾವ ಮೂಲೆಯಿಂದ ಶುರುವಾಗಬೇಕು ಅಂತ ಡ್ರಾಯಿಂಗ್ ಹಾಕುವ ಆರ್ಕಿಟೆಕ್ಟ್. ಇದನ್ನು ದೊಡ್ಡಪ್ಪನಿಗೆ ಹೇಗೆ ಹೇಳುವುದು. ಹೂಂ ಅಂದೆ.

ಮನೆ ನಮ್ಮ ಕಡೆಯ ಮಾಮೂಲಿ ತೊಟ್ಟಿ ಮನೆ. ಮಣ್ಣಿನ ಗೋಡೆ, ಮಂಗಳೂರು ಹೆಂಚು, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಮುಂಡಿಗೆಗಳು, ಅಂದರೆ ಮರದ ಕಂಬಗಳು. ಕೊನೆಯದಾಗಿ ಅಲ್ಲಿ ಇದ್ದದ್ದು ಅತ್ತೆ, ದೊಡ್ಡಜ್ಜನ ಮಗಳು. ಅವರೂ ಮೊಣಕಾಲು ನೋವು ಜಾಸ್ತಿಯಾಗಿ ಪಕ್ಕದ ಆರ್‌ಸಿಸಿ ಮನೆಗೆ ಹೋಗಿ ನಾಲ್ಕು ಮಳೆಗಾಲ ಆಗಿತ್ತು. ಮನುಷ್ಯರು ಓಡಾಡದ ಮಣ್ಣಿನ ಮನೆಗೆ ನಾಲ್ಕು ಮಳೆಗಾಲ ಅಂದರೆ ಸಣ್ಣದಲ್ಲ. ಒಲೆ ಉರಿಯುತ್ತಿದ್ದಷ್ಟು ದಿನ ಹೊಗೆ ಅಟ್ಟಕ್ಕೆ ಏರಿ ತೊಲೆ, ಜಂತೆಗಳಿಗೆಲ್ಲ ಕರಿ ಹಿಡಿಸುತ್ತಿತ್ತು, ಹುಳ ಹತ್ತಿರ ಬರುತ್ತಿರಲಿಲ್ಲ. ಒಲೆ ಆರಿದ ಮೇಲೆ ವರಲೆ ಬಂತು.

ನಾನು ಮೊದಲು ಹಾಕಿದ ಸ್ಕೆಚ್ ಈಗ ತೆಗೆದು ನೋಡಿದರೆ ನಾಚಿಕೆ ಆಗುತ್ತದೆ. ತೊಟ್ಟಿಯ ಮೇಲೆ ಗಾಜಿನ ಮುಚ್ಚಳ, ಒಳಗೆ ಪೂರ್ತಿ ಬಿಳಿ ಗೋಡೆ, ಅದರ ಮೇಲೆ ಸ್ಪಾಟ್‌ಲೈಟ್ ಬಿದ್ದ ಪದ್ಯಗಳು, ಮುಂಬಾಗಿಲನ್ನು ಏಳು ಅಡಿಗೆ ಎತ್ತರಿಸಿದ್ದು. ಬೆಂಗಳೂರಿನ ಯಾವ ಕಾಫಿ ಅಂಗಡಿಗೆ ಬೇಕಾದರೂ ಹೊಂದುತ್ತಿತ್ತು.

ಅಳತೆ ತೆಗೆಯಲಿಕ್ಕೆ ಕೂತಾಗ ಆ ಸ್ಕೆಚ್ ಕೆಟ್ಟುಹೋಯಿತು. ಟೇಪಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ದೊಡ್ಡಪ್ಪನ ಮಗನ ಕೈಯಲ್ಲಿ. ತೊಟ್ಟಿಯ ಮೂಲೆಯಿಂದ ಮೂಲೆಗೆ ಅಳೆದರೆ ಎರಡೂ ಕರ್ಣ ಒಂದೇ ಬರಬೇಕು, ಆಗ ತಾನೇ ಅದು ಸರಿಯಾದ ಚೌಕ. ನಮ್ಮದರಲ್ಲಿ ನಾಲ್ಕು ಇಂಚು ವ್ಯತ್ಯಾಸ. ಅವನು ಟೇಪು ಸಡಿಲ ಬಿಟ್ಟ ಅಂತ ಬೈದೆ, ಮತ್ತೆ ಅಳೆದೆ, ಮತ್ತೆ ನಾಲ್ಕು ಇಂಚು. ಮರಗೆಲಸಕ್ಕೆ ಅಂದಾಜು ಹೇಳಲು ಬಂದಿದ್ದ ಆಚಾರ್ರು ಜಗುಲಿ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಇದೆಲ್ಲ ನೋಡುತ್ತಿದ್ದರು. "ಈ ಮನೆ ಟೇಪು ಹಿಡಿದು ಕಟ್ಟಿದ್ದಲ್ಲ ಅಕ್ಕಾ, ಕೋಲು ಹಿಡಿದು ಕಟ್ಟಿದ್ದು" ಅಂದರು. ನೆಲದ ಮಟ್ಟ ನೋಡಲು ನೀರು ತುಂಬಿದ ಟ್ಯೂಬು ಹಿಡಿದರೆ ಅಲ್ಲೂ ಅದೇ ಕಥೆ. ಅಡುಗೆಮನೆಯಿಂದ ತೊಟ್ಟಿಯ ಕಡೆಗೆ ನೆಲ ನಿಧಾನಕ್ಕೆ ಇಳಿಯುತ್ತಾ ಬಂದಿದೆ. ಅದು ತಪ್ಪಲ್ಲ, ತೊಳೆದ ನೀರು ತಾನಾಗೇ ಹರಿದುಹೋಗಲಿ ಅಂತ ಮಾಡಿದ್ದು. ಗೋಡೆಯ ದಪ್ಪ ಎರಡು ಅಡಿಗೂ ಜಾಸ್ತಿ. ಮುಂಬಾಗಿಲಿನ ದಾರಂದದ, ಅಂದರೆ ಚೌಕಟ್ಟಿನ, ಎತ್ತರ ಐದು ಅಡಿ ಒಂದು ಇಂಚು. ಆ ಒಂದು ಇಂಚು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಎರಡನೇ ದಿನವೇ ನನ್ನ ಹಣೆ ಎರಡು ಸಲ ಅದಕ್ಕೆ ತಾಗಿತ್ತು.

ಮನೆಯವರೆಲ್ಲ ಸೇರಿ ಒಂದು ಪಟ್ಟಿ ಮಾಡಿದ್ದರು. ಒಂದನೆಯದು, ಬಾಗಿಲು ಎತ್ತರಿಸಬೇಕು. ಎರಡನೆಯದು, ಬೆಳಕು ಜಾಸ್ತಿ ಮಾಡಬೇಕು. ಮೂರನೆಯದು, ಅಂಗಳದಲ್ಲಿ ಅಜ್ಜನ ಸಿಮೆಂಟಿನ ಮೂರ್ತಿ. ಮೂರನೆಯದನ್ನು ಅತ್ತೆಯೇ ತೆಗೆಸಿದರು. "ಅಪ್ಪ ಫೋಟೋಕ್ಕೇ ನಿಲ್ತಿರಲಿಲ್ಲ, ಮಳೇಲಿ ಯಾಕೆ ನಿಲ್ಲಿಸ್ತೀರಿ" ಅಂದರು. ಉಳಿದ ಎರಡು ನನ್ನ ತಲೆ ಮೇಲೆ ಬಂದವು.

ಹೀಗಿರುವಾಗ ಕುಪ್ಪಳಿಗೆ ಹೋಗಿಬಂದೆ. ಶಾಲೆಯ ಟ್ರಿಪ್ಪಿನಲ್ಲಿ ಹೋಗಿದ್ದೆ, ಆಗ ನೆನಪಿಟ್ಟುಕೊಂಡದ್ದು ಬಸ್ಸಲ್ಲಿ ತಿಂದ ಚಕ್ಕುಲಿ ಮಾತ್ರ. ಈ ಸಲ ಪುಸ್ತಕ, ಪೆನ್ಸಿಲ್ ಹಿಡಿದುಕೊಂಡು ಹೋದೆ. ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೋಗುವಾಗ ಸಿಗುತ್ತದೆ. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು ಹಿರೇಕೊಡಿಗೆಯಲ್ಲಿ, ತಾಯಿಯ ತವರಲ್ಲಿ. ಬೆಳೆದದ್ದು ಈ ಕುಪ್ಪಳಿ ಮನೆಯಲ್ಲಿ. ಈಗ ಅದು ಕವಿಮನೆ, ನೋಡಿಕೊಳ್ಳುತ್ತಿರುವುದು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ.

ಮೂರು ಅಂತಸ್ತಿನ ಹೆಂಚಿನ ಮನೆ, ನಡುವೆ ತೊಟ್ಟಿ. ಹೊರಗೆ ನಿಂತು ನೋಡಿದರೆ ಇಷ್ಟು ದೊಡ್ಡದಾ ಅನ್ನಿಸುತ್ತದೆ, ಒಳಗೆ ಹೋದರೆ ಎಲ್ಲ ಕೈಗೆಟುಕುವ ಅಳತೆಯಲ್ಲೇ ಇದೆ. ನನಗೆ ತಟ್ಟಿದ್ದು ಬೇರೆಯೇ ವಿಷಯ. ನೀವು ಕುವೆಂಪು ಅವರನ್ನು ನೋಡಲು ಹೋಗುತ್ತೀರಿ, ಆದರೆ ಮೊದಲು ನಿಮಗೆ ಸಿಗುವುದು ಒಂದು ದೊಡ್ಡ ಸಂಸಾರ. ಅಡುಗೆಮನೆ, ಪಾತ್ರೆ ಪಗಡ, ಕೃಷಿ ಸಾಮಾನು, ಮಲೆನಾಡಿನ ಮನೆಯಲ್ಲಿ ಇರಬೇಕಾದದ್ದೆಲ್ಲ. ಪುಸ್ತಕಗಳು, ಫೋಟೋಗಳು, ಪ್ರಶಸ್ತಿಗಳು ಇರುವುದು ಮೆಟ್ಟಿಲು ಹತ್ತಿದ ಮೇಲೆ. ಅವರ ಮದುವೆಯ ಮಂಟಪವನ್ನೂ ಇಟ್ಟಿದ್ದಾರೆ. 'ಶ್ರೀ ರಾಮಾಯಣ ದರ್ಶನಂ'ಗೆ ಜ್ಞಾನಪೀಠ ಬಂದ ಕವಿ, ಕನ್ನಡಕ್ಕೆ ಅದು ಮೊದಲ ಜ್ಞಾನಪೀಠ, ಬೇರೆ ಯಾರಾದರೂ ಆಗಿದ್ದರೆ ಅದನ್ನೇ ಬಾಗಿಲಲ್ಲಿ ನೇತುಹಾಕುತ್ತಿದ್ದರು. ಇಲ್ಲಿ ಒರಳು, ಮೊರ, ಹಂಡೆಗಳನ್ನು ದಾಟದೆ ಕವಿ ಸಿಗುವುದಿಲ್ಲ. ಇದನ್ನು ಬೇಕು ಅಂತ ಮಾಡಿದರೋ, ಮನೆಯ ನಕ್ಷೆಯಿಂದ ತಾನಾಗೇ ಹಾಗಾಯಿತೋ, ನನಗಂತೂ ಅದೇ ಆ ಮ್ಯೂಸಿಯಂನ ಪ್ಲ್ಯಾನು ಅನ್ನಿಸಿತು.

ಅಲ್ಲಿಂದ ಕವಿಶೈಲಕ್ಕೆ ಹತ್ತಿದೆ. 1994ರ ನವೆಂಬರಿನಲ್ಲಿ ಕುವೆಂಪು ತೀರಿಕೊಂಡ ಮೇಲೆ ಅವರ ಅಂತ್ಯಸಂಸ್ಕಾರ ಆದದ್ದು ಈ ಗುಡ್ಡದ ಮೇಲೆ. ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ವಿನ್ಯಾಸದ ದೊಡ್ಡ ದೊಡ್ಡ ಕಲ್ಲುಗಳು ಸುತ್ತ ನಿಂತಿವೆ. ನೋಡಿದವರೆಲ್ಲ ಇಂಗ್ಲೆಂಡಿನ ಸ್ಟೋನ್‌ಹೆಂಜ್ ತರ ಇದೆ ಅನ್ನುತ್ತಾರೆ, ಸರಿಯೇ. ಆದರೆ ಕೆಳಗೆ ಆ ಮನೆಯಲ್ಲಿ ಎರಡು ಗಂಟೆ ಕಳೆದು ಮೇಲೆ ಬಂದವಳಿಗೆ ಬೇರೆ ಏನೋ ಕಂಡಿತು. ಎರಡು ಕಲ್ಲು ನೆಟ್ಟಗೆ, ಮೇಲೆ ಒಂದು ಅಡ್ಡ. ಮುಂಡಿಗೆ, ಮುಂಡಿಗೆ, ತೊಲೆ. ಕೆಳಗಿನ ಮನೆಯ ಅಸ್ಥಿಪಂಜರವನ್ನೇ ಕಲ್ಲಲ್ಲಿ ಮಾಡಿ, ಹೆಂಚು ಗೋಡೆ ತೆಗೆದು, ಗುಡ್ಡದ ಮೇಲೆ ಇಟ್ಟಂತೆ. ಶಿವಪ್ರಸಾದ್ ಹಾಗೆ ಯೋಚಿಸಿದ್ದರು ಅಂತ ನಾನು ಹೇಳುತ್ತಿಲ್ಲ, ನನಗೆ ಹಾಗೆ ಕಂಡಿತು ಅಷ್ಟೇ. ಅಲ್ಲೊಂದು ಕಡೆ ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಹೆಸರು ಕೊರೆದದ್ದು ಇದೆ. ಅದರ ಪಕ್ಕ ಕೂತೆ. ಬೋರ್ಡಿಲ್ಲ, ಲೈಟಿಲ್ಲ, ಗಾಜಿಲ್ಲ, ಮೂರು ಹೆಸರು ಮಳೆ ಬಿಸಿಲು ತಿಂದುಕೊಂಡು ಅಲ್ಲೇ ಇವೆ.

ಆಮೇಲೆ ರಜೆ ಸಿಕ್ಕಾಗಲೆಲ್ಲ ಇಂಥ ಮನೆಗಳನ್ನೇ ಹುಡುಕಿಕೊಂಡು ಹೋದೆ. ಧಾರವಾಡದ ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ 'ಶ್ರೀಮಾತಾ', ಪಕ್ಕದಲ್ಲಿ ಬೇಂದ್ರೆ ಭವನ. ಕಾರ್ಯಕ್ರಮಕ್ಕೆ ಭವನ ಬೇಕು, ಒಪ್ಪುತ್ತೇನೆ, ಆದರೆ ಅಲ್ಲಿ ನನಗೆ ಮ್ಯೂಸಿಯಂ ಅನ್ನಿಸಿದ್ದು ಎದುರಿನ ಕೆರೆ. ಪದ್ಯದಲ್ಲೇ ಬಾ ಅಂತ ಕರೆದ ಕೆರೆ ಕಣ್ಣೆದುರೇ ಇದೆಯಲ್ಲ, ಅದಕ್ಕೆ ಯಾವ ಆರ್ಕಿಟೆಕ್ಟೂ ಬೇಕಾಗಿಲ್ಲ. ಮಂಜೇಶ್ವರದಲ್ಲಿ ಗೋವಿಂದ ಪೈ ಅವರ ಮನೆಯನ್ನೂ ನೋಡಿದೆ. 1949ರಲ್ಲಿ ಮದ್ರಾಸ್ ಸರ್ಕಾರ ರಾಷ್ಟ್ರಕವಿ ಅಂತ ಕರೆದದ್ದು ಅವರನ್ನು. ಊರು ಈಗ ಕೇರಳದಲ್ಲಿದೆ, ಸ್ಮಾರಕಕ್ಕೆ ಇಟ್ಟ ಹೆಸರು ಮಾತ್ರ 'ಗಿಳಿವಿಂಡು', ಅವರ ಕವನ ಸಂಕಲನದ್ದೇ. ಎಲ್ಲ ಕಡೆಯೂ ನಾನು ಮೊದಲು ನೋಡುತ್ತಿದ್ದುದು ಕಿಟಕಿ. ಇವರು ಎಲ್ಲಿ ಕೂತು ಬರೆದಿರಬಹುದು, ಅಲ್ಲಿಗೆ ಬೆಳಕು ಎಲ್ಲಿಂದ ಬರುತ್ತಿತ್ತು. ಹುಚ್ಚು ಹಿಡಿದಂತೆ ಆಗಿತ್ತು. ಯಾವ ಮನೆಗೆ ಹೋದರೂ ಪೆನ್ನು ಕನ್ನಡಕದ ಪೆಟ್ಟಿಗೆ ಬಿಟ್ಟು ಸೂರು ನೋಡುತ್ತಾ ನಿಲ್ಲುತ್ತಿದ್ದೆ.

ವಾಪಸ್ ಬಂದು ನಮ್ಮ ಮನೆಯಲ್ಲಿ ಒಂದು ಕೆಲಸ ಮಾಡಿದೆ. ದೊಡ್ಡಜ್ಜನ ಇಳಿಜಾರು ಡೆಸ್ಕು, ನೆಲದ ಮೇಲೆ ಕೂತು ಬರೆಯುವಂಥದ್ದು, ಅಟ್ಟದಲ್ಲಿತ್ತು. ಅದನ್ನು ಇಳಿಸಿ, ಒರೆಸಿ, ಒಳಕೋಣೆಯಲ್ಲಿ ಇಟ್ಟೆ. ಅತ್ತೆ ಬಂದು ನೋಡಿ, "ಅಲ್ಲಲ್ಲ ಮಾರಾಯ್ತಿ, ಅಲ್ಲಿ ಕಣ್ಣು ಕಾಣ್ತದಾ?" ಅಂದು ಕಾಲಲ್ಲೇ ತಳ್ಳಿಕೊಂಡು ತೊಟ್ಟಿಯ ಅಂಚಿಗೆ, ಎರಡು ಮುಂಡಿಗೆಗಳ ನಡುವೆ ತಂದು ನಿಲ್ಲಿಸಿದರು. ನೆಲ ನೋಡಿದರೆ ಅಲ್ಲೊಂದು ಕಡೆ ಗಾರೆ ಸವೆದು ಎರಡು ಗುಳಿ ಬಿದ್ದಿದೆ. ಡೆಸ್ಕಿನ ಮುಂಗಾಲು ಎರಡೂ ಸರಿಯಾಗಿ ಅದರಲ್ಲಿ ಕೂತವು. ನಾನು ವಾರಗಟ್ಟಲೆ ಆ ನೆಲ ಅಳೆದಿದ್ದೆ, ಗುಳಿಯನ್ನು ಡ್ರಾಯಿಂಗಿನಲ್ಲಿ ಹಾಕಿಯೂ ಇದ್ದೆ, 'ನೆಲ ಹಾಳಾಗಿದೆ, ದುರಸ್ತಿ ಬೇಕು' ಅಂತ ಬರೆದಿದ್ದೆ.

ಫೋನಿನಲ್ಲಿ ಬೆಳಕು ಅಳೆಯುವ ಆಪ್ ಹಾಕಿಕೊಂಡು ಅಲ್ಲಿಗೇ ಕೂತೆ. ಜುಲೈ ತಿಂಗಳು, ಬೆಳಿಗ್ಗೆ ಹತ್ತು ಗಂಟೆ, ಹೊರಗೆ ಧೋ ಅಂತ ಮಳೆ. ಡೆಸ್ಕಿನ ಮೇಲೆ ಇನ್ನೂರು ಲಕ್ಸ್ ಆಸುಪಾಸು, ಓದಲು ಬರೆಯಲು ಸಾಕು. ಎರಡು ಹೆಜ್ಜೆ ಹಿಂದೆ ಹೋದರೆ ನಲವತ್ತು. ಒಳಕೋಣೆಯಲ್ಲಿ ಹತ್ತೂ ಇಲ್ಲ. ಇಡೀ ಮನೆಯಲ್ಲಿ ಮಳೆಗಾಲದಲ್ಲಿ ಬರೆಯಬಹುದಾದ ಜಾಗ ಅದೊಂದೇ. ಅವರ ಪದ್ಯಗಳಲ್ಲಿ ಮಳೆ ಅಷ್ಟೊಂದು ಯಾಕೆ ಬರುತ್ತದೆ ಅಂತ ಕೇಳಬೇಕಾಗಿಯೇ ಇಲ್ಲ, ಒಂದು ಮೊಳ ದೂರದಲ್ಲಿ ಸೂರಿನ ನೀರು ಬೀಳುತ್ತಿರುತ್ತದೆ. ನಾನು ಅದರ ಮೇಲೆ ಗಾಜು ಮುಚ್ಚಲು ಹೊರಟಿದ್ದೆ! ಗಾಜು ಮುಚ್ಚಿದ್ದರೆ ಸೆಕೆ, ಪಾಚಿ ಬೇರೆ.

ಇನ್ನೊಂದು ಲೆಕ್ಕವೂ ಇತ್ತು. ಹಳೇ ಕಾಗದ, ಶಾಯಿ ಇಂಥವುಗಳ ಮೇಲೆ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೀಳಬಾರದು ಅನ್ನುವುದು ಮ್ಯೂಸಿಯಂನವರು ಪಾಲಿಸುವ ಅಳತೆ. ಬೆಳಕು ಮಾಡಿದ ಹಾಳು ವಾಪಸ್ ಬರುವುದಿಲ್ಲ, ಶಾಯಿ ಮಾಸಿದರೆ ಮಾಸಿತು. ಅಂದರೆ ಎಲ್ಲರೂ ಕತ್ತಲು ಕತ್ತಲು ಅಂತ ಬೈಯುತ್ತಿದ್ದ ನಮ್ಮ ಒಳಕೋಣೆ ಕಾಗದ ಇಡಲು ಹೇಳಿ ಮಾಡಿಸಿದ ಜಾಗ. ಬೆಳಕು ಜಾಸ್ತಿ ಮಾಡುವ ಕೆಲಸವೇ ತಪ್ಪಿತು. ಒಳಗೆ ಮಂದವಾದ ಎರಡೇ ಬಲ್ಬು, ಅದೂ ಯಾರಾದರೂ ಒಳಗಿದ್ದಾಗ ಮಾತ್ರ. ಅಡುಗೆಮನೆಗೆ ಎರಡು ಗಾಜಿನ ಹೆಂಚು ಹಾಕಿಸಿದೆ, ಅಲ್ಲಿ ಕಾಲಿಗೆ ಒರಳು ತಾಗುತ್ತಿತ್ತು, ಅದಕ್ಕೆ.

ಎಲ್ಲ ನಾನು ಸರಿ ಮಾಡಿದೆ ಅಂದುಕೊಳ್ಳಬೇಡಿ. ದೊಡ್ಡ ಎಡವಟ್ಟು ಗೋಡೆಯಲ್ಲಿ ಆಯಿತು. ಹಿಂದಿನ ಗೋಡೆಯ ಹೊರಮೈ ಕಿತ್ತುಬಂದಿತ್ತು, ನಾನು ಬೆಂಗಳೂರಿಗೆ ಹೋಗಿದ್ದೆ, ಫೋನಲ್ಲಿ ಮೇಸ್ತ್ರಿ "ಸಿಮೆಂಟ್ ಹೊಡೆದುಬಿಡ್ಲಾ, ಗಟ್ಟಿ ಇರ್ತದೆ" ಅಂದರು, ನಾನು ಯಾವುದೋ ಮೀಟಿಂಗಿನ ನಡುವೆ ಹೂಂ ಅಂದುಬಿಟ್ಟೆ. ತಪ್ಪು ನನ್ನದೇ. ಮಣ್ಣಿನ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತದೆ, ಆಮೇಲೆ ಗಾಳಿಗೆ ಬಿಡುತ್ತದೆ. ಹೊರಗೆ ಸಿಮೆಂಟಿನ ಕೋಟು ಹಾಕಿದರೆ ಬಿಡಲು ದಾರಿ ಇಲ್ಲ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಒಳಮೈಯಲ್ಲಿ ಸೊಂಟದೆತ್ತರಕ್ಕೆ ಕಪ್ಪು ಕಲೆ, ಬೆರಳಿಟ್ಟರೆ ಮಣ್ಣು ಅವಲಕ್ಕಿಯಂತೆ ಉದುರುತ್ತಿತ್ತು. ಬೇಸಿಗೆಯಲ್ಲಿ ಪೂರ್ತಿ ಸಿಮೆಂಟು ಕೆತ್ತಿಸಿ, ಗೋಡೆ ಎರಡು ತಿಂಗಳು ಹಾಗೇ ಬೆತ್ತಲೆ ಒಣಗಲು ಬಿಟ್ಟು, ಆಮೇಲೆ ಕೆಮ್ಮಣ್ಣು, ಸುಣ್ಣ, ಮರಳು, ಬೆಲ್ಲದ ನೀರು ಕಲೆಸಿ ಹೊಡೆಸಿದೆವು. ಹಾಕಿದ ಖರ್ಚಿಗಿಂತ ಕಿತ್ತ ಖರ್ಚು ಜಾಸ್ತಿ. ಬೆಲ್ಲದ ವಾಸನೆಗೆ ಇರುವೆಗಳು ಸಾಲು ಹಿಡಿದು ಬಂದವು, ಒಂದು ವಾರ, ಆಮೇಲೆ ಹೋದವು. ಮರಕ್ಕೆಲ್ಲ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಬಳಿಸಿದೆವು. ವಾಸನೆ ತಡೆಯಲಾಗದೆ ಅತ್ತೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಪಂಚಾಯಿತಿ ಕಾಗದ, ಜಂಟಿ ಖಾತೆ, ಏಳು ಜನರ ಸಹಿ, ಅದರಲ್ಲಿ ಒಬ್ಬರು ಅಮೆರಿಕದಲ್ಲಿ. ಅದು ಬೇರೆಯೇ ಪುರಾಣ, ಬಿಡಿ.

ಗಾಜಿನ ಕಪಾಟಿನ ವಿಷಯದಲ್ಲೂ ಪೆಟ್ಟು ತಿಂದೆ. ಒಂದು ಚೂರೂ ಗಾಳಿ ಆಡದಂತೆ ಸೀಲ್ ಮಾಡಿಸಿದ ಪೆಟ್ಟಿಗೆಯಲ್ಲಿ ಎರಡೂ ಪುಸ್ತಕ ಇಟ್ಟಿದ್ದೆ. ಆಗಸ್ಟಿನಲ್ಲಿ ತೆಗೆದು ನೋಡಿದರೆ ರಟ್ಟಿನ ಮೇಲೆ ಬಿಳಿ ಬೂಷ್ಟು. ಪುಸ್ತಕದೊಳಗೇ ಇದ್ದ ತೇವ ಹೊರಗೆ ಹೋಗಲಾರದೆ ಅಲ್ಲೇ ಬೆವೆತಿತ್ತು. ಅದೃಷ್ಟಕ್ಕೆ ಅಟ್ಟದಲ್ಲಿ ಇನ್ನೂ ಗೋಣಿಚೀಲದ ತುಂಬಾ ಪ್ರತಿಗಳಿದ್ದವು. ಮಾರಾಟ ಆಗದ ಪುಸ್ತಕದಿಂದ ಮೊದಲ ಸಲ ಉಪಯೋಗ ಆಯಿತು ಅಂತ ದೊಡ್ಡಪ್ಪ ನಕ್ಕರು. ಈಗ ಆಚಾರ್ರು ಮಾಡಿಕೊಟ್ಟ ಮರದ ಪೆಟ್ಟಿಗೆ, ಹಿಂದೆ ಕೆಳಗೆ ಒಂದು ಸಾಲು, ಮೇಲೆ ಒಂದು ಸಾಲು ಸಣ್ಣ ತೂತು, ಅದಕ್ಕೆ ಒಳಗಿನಿಂದ ತೆಳು ಬಟ್ಟೆ. ಗಾಳಿ ಆಡುತ್ತದೆ, ಹುಳ ಹೋಗುವುದಿಲ್ಲ.

ಇನ್ನು ಬಾಗಿಲು. ಇದಕ್ಕೆ ಮನೆಯಲ್ಲಿ ಜಗಳವೇ ಆಯಿತು. ಬಂದವರು ತಲೆ ಒಡೆದುಕೊಂಡರೆ ಯಾರು ಹೊಣೆ ಅಂತ ದೊಡ್ಡಪ್ಪ. ಮಾತು ಸರಿ, ನನ್ನ ಹಣೆಯೇ ಸಾಕ್ಷಿ. ಎತ್ತರಿಸಬೇಕು ಅಂದರೆ ದಾರಂದ ಬಿಚ್ಚಬೇಕು, ಮೇಲಿನ ಮಣ್ಣು ಒಡೆಯಬೇಕು, ಅದರ ಮೇಲೆಯೇ ಜಗುಲಿಯ ತೊಲೆ ಕೂತಿದೆ. ಮಾಡಲಾಗದ ಕೆಲಸ ಅಲ್ಲ. ಬೇಡ ಅಂತ ನನಗೆ ಅನ್ನಿಸಿದ್ದಕ್ಕೆ ಕಾರಣವನ್ನು ಸರಿಯಾಗಿ ಹೇಳಲೂ ಬರುತ್ತಿರಲಿಲ್ಲ. ಒಂದು ದಿನ ಅದೇ ಬಾಗಿಲಲ್ಲಿ ನಿಂತು ಸುಮ್ನೆ ಒಳಗೆ ಹೊರಗೆ ಹೋಗಿ ಬಂದು ನೋಡಿದೆ. ನೆಟ್ಟಗೆ ನಡೆದುಕೊಂಡು ಬಂದರೆ ಕಣ್ಣಿಗೆ ಮೊದಲು ಬೀಳುವುದು ಎದುರಿನ ಗೋಡೆ, ಗೋಡೆಯ ಮೇಲಿನ ಫೋಟೋ. ಬಗ್ಗಿ ಬಂದರೆ ಬೀಳುವುದು ನೆಲ, ತೊಟ್ಟಿ, ಅದರ ಅಂಚಿನ ಡೆಸ್ಕು. ಬೆಳಕು ಇರುವುದು ಅಲ್ಲಿಯೇ. ಬಗ್ಗಿದವರು ತಲೆ ಎತ್ತುವಷ್ಟರಲ್ಲಿ ಕಣ್ಣು ಕತ್ತಲೆಗೆ ಅರ್ಧ ಹೊಂದಿಕೊಂಡಿರುತ್ತದೆ. ದೊಡ್ಡಪ್ಪನ ಕೈಯಲ್ಲೂ ನಾಲ್ಕು ಸಲ ಹಾಗೆ ಬಗ್ಗಿಸಿದೆ. "ಬೆನ್ನು ಹಿಡೀತು ಮಾರಾಯ್ತಿ, ಹಾಗೇ ಇರ್ಲಿ ಬಿಡು" ಅಂದರು. ಒಪ್ಪಿದರೋ, ಸಾಕಾಯಿತೋ. ದಾರಂದಕ್ಕೆ ಹತ್ತಿ ತುಂಬಿದ ಬಟ್ಟೆಯ ಸುರುಳಿ ಕಟ್ಟಿದೆವು, ತಾಗಿದರೂ ಪೆಟ್ಟಾಗದ ಹಾಗೆ. ಮೊಣಕಾಲು ನೋವಿನವರಿಗೆ, ಗಾಲಿ ಕುರ್ಚಿಯವರಿಗೆ ಕೊಟ್ಟಿಗೆಯ ಕಡೆಯಿಂದ ಇಳಿಜಾರು ದಾರಿ ಮಾಡಿದೆವು. ಆ ಬಾಗಿಲು ಮೊದಲಿಂದಲೂ ಎತ್ತರ, ಹುಲ್ಲಿನ ಹೊರೆ ಹೊತ್ತು ಬರಬೇಕಲ್ಲ. ಅತ್ತೆ ಮಾತ್ರ ಆ ದಾರಿಯಲ್ಲಿ ಬರಲು ಒಪ್ಪುವುದಿಲ್ಲ, ನೋವಿದ್ದರೂ ಮುಂಬಾಗಿಲೇ ಬೇಕು.

ಕೊನೆಗೆ ಉಳಿದದ್ದು ಪದ್ಯಗಳ ಕೈಬರಹ. ದೊಡ್ಡಜ್ಜನಿಗೆ ಕಾಗದ ದಂಡ ಮಾಡಿ ಗೊತ್ತಿಲ್ಲ. ಅಡಿಕೆ ಮಂಡಿಯಿಂದ ಬಂದ ಪಟ್ಟಿ ಇರುತ್ತದಲ್ಲ, ಒಂದು ಕಡೆ ಇಷ್ಟು ಮೂಟೆ ರಾಶಿ, ಇಷ್ಟು ಬೆಟ್ಟೆ, ಇಷ್ಟು ಗೊರಬಲು (ಎಲ್ಲ ಅಡಿಕೆಯ ದರ್ಜೆಗಳು), ತೂಕ, ರೇಟು, ಕಮಿಷನ್ ಕಳೆದು ಉಳಿದದ್ದು, ಅದರ ಹಿಂಬದಿಯಲ್ಲಿ ಪದ್ಯ ಬರೆದಿದ್ದಾರೆ. ಇಪ್ಪತ್ತಕ್ಕೂ ಜಾಸ್ತಿ ಇವೆ. ನಾನು ಪದ್ಯದ ಮಗ್ಗುಲು ಮೇಲೆ ಮಾಡಿ ಫ್ರೇಮ್ ಹಾಕಿಸಲು ಹೊರಟಿದ್ದೆ. ಅತ್ತೆ ತಡೆದರು. "ಪದ್ಯ ಪುಸ್ತಕದಲ್ಲೇ ಇದೆಯಲ್ಲ. ಲೆಕ್ಕ ಎಲ್ಲಿದೆ? ನಮ್ಮ ಶಾಲೆ ಫೀಸು, ನನ್ನ ಮದುವೆ, ಎಲ್ಲ ಆ ಕಡೆ ಇರೋದು." ಕುಪ್ಪಳಿಯ ಒರಳು, ಹಂಡೆಗಳನ್ನು ನೋಡಿಕೊಂಡು ಬಂದು ಇಷ್ಟೆಲ್ಲ ಭಾಷಣ ಮಾಡಿದ್ದ ನನಗೆ ಇದು ಹೊಳೆದಿರಲಿಲ್ಲ. ಐದು ಹಾಳೆ ಆರಿಸಿ ಎರಡು ಗಾಜಿನ ನಡುವೆ ಇಟ್ಟು, ಒಳಕೋಣೆಯ ಜಂತೆಯಿಂದ ಇಳಿಬಿಟ್ಟೆವು. ಎರಡೂ ಕಡೆಯಿಂದ ಓದಬಹುದು, ಸುತ್ತಿ ಬರಬೇಕು ಅಷ್ಟೇ. ಉಳಿದವು ಪೆಟ್ಟಿಗೆಯಲ್ಲಿ, ಆರು ತಿಂಗಳಿಗೊಮ್ಮೆ ಬದಲಾಯಿಸುತ್ತೇವೆ.

ಹೋದ ದೀಪಾವಳಿ ಆದ ಮೇಲಿನ ಭಾನುವಾರ ಬಾಗಿಲು ತೆರೆದೆವು. ಉದ್ಘಾಟನೆ ಅಂತೇನೂ ಇಲ್ಲ, ಕೋಸಂಬರಿ, ಪಾನಕ. ಶಾಲೆಯ ಮೇಷ್ಟ್ರು ಮಕ್ಕಳನ್ನು ಕರೆದುಕೊಂಡು ಬಂದರು, ಮಕ್ಕಳಿಗೆ ಬಾಗಿಲು ಸರಿಯಾಗೇ ಇತ್ತು, ಮೇಷ್ಟ್ರ ತಲೆ ಹತ್ತಿಯ ಸುರುಳಿಗೆ ತಾಗಿತು. ಸಂಜೆ ಹೊತ್ತಿಗೆ ದೊಡ್ಡಜ್ಜನ ಜೊತೆ ಮಂಡಿಗೆ ಹೋಗುತ್ತಿದ್ದ ಪಕ್ಕದ ತೋಟದ ಅಜ್ಜ ಬಂದರು. ಎಂಬತ್ತು ದಾಟಿದವರು. ಬಾಗಿಲ ಹತ್ತಿರ ಬಂದಾಗ ಏನೋ ಮಾತಾಡುತ್ತಲೇ ಇದ್ದರು, ಮಾತು ನಿಲ್ಲಿಸದೆ, ಮೇಲೆ ನೋಡದೆ, ಬಗ್ಗಿ ಒಳಗೆ ಬಂದರು. ಸೀದಾ ನೇತುಹಾಕಿದ ಹಾಳೆಗಳ ಹತ್ತಿರ ಹೋಗಿ ಕನ್ನಡಕ ಏರಿಸಿದರು.

"ಆ ವರ್ಷ ಬೆಟ್ಟೆಗೆ ಇಷ್ಟೇಯಾ? ನಂಗೆ ಇದಕ್ಕಿಂತ ಜಾಸ್ತಿ ಸಿಕ್ಕಿತ್ತು."

"ನಿಮ್ದು ಒಣಗಿದ್ದು ಚೆನ್ನಾಗಿತ್ತು, ನಮ್ದು ಮಳೆಗೆ ಸಿಕ್ಕಿತ್ತಲ್ಲ" ಅಂದರು ಅತ್ತೆ.

ಐದೂ ಹಾಳೆಯ ಲೆಕ್ಕ ನಿಧಾನಕ್ಕೆ ಓದಿ ಮುಗಿಸಿದರು. ಒಂದು ಕಡೆ ಕೂಡಿದ್ದು ತಪ್ಪಾಗಿದೆ ಅಂತಲೂ ಹೇಳಿದರು, ನಾನು ಆಮೇಲೆ ನೋಡಿದೆ, ಹೌದು, ಮೂರು ರೂಪಾಯಿ ತಪ್ಪಿದೆ. ಆಮೇಲೆ ಗಾಜನ್ನು ಸುತ್ತಿ ಆಚೆ ಕಡೆ ಬಂದು ಇಣುಕಿದರು.

"ಹಿಂದುಗಡೆ ಇದೆಂತದು ಗೀಚಿದ್ದು?"

"ಅದು ಪದ್ಯ" ಅಂದರು ಅತ್ತೆ.

"ಓ" ಅಂದು ಮತ್ತೆ ರೇಟಿನ ಕಡೆಗೆ ಬಂದರು.